ಅಡ್ಡಿಯಿಲ್ಲ

ಬಾದಾಮಿ ಸ್ಟೇಶನ್ ರೋಡಿಗೆ ನನ್ನ ಖಾನಾವಳಿ.
ಹನ್ನೊಂದು ಮಂದಿ ಕುಂತರ ಹನ್ನೆರಡನೇದಾಂವ
ಕೈ ತೊಳಕೊಂಡು ಬಾಗಲಾಗ ನಿಂದರಬೇಕು.

ಚಳಿಗಾಲಕ್ಕ ಬರ್ತಾರ ಇವರು,
ಗುಡ್ಡದ ಕೆಂಪು ಕಲ್ಲಿಗೆ ಹಗ್ಗ ಹಾಕಿ ಏರಾಕ.
ಬೆರಳ ತುಂಬ ಬಿಳಿ ಪುಡಿ.
ಮೊದಲ ಸಲ ನೋಡಿ ನಾ ತಿಳಕೊಂಡಿದ್ದೆ
ಪಾಪ, ಹಿಟ್ಟಿನ ಗಿರಣ್ಯಾಗ ದುಡಿಯೋರು ಅಂತ.

ಕರಕೊಂಡು ಬಂದ ಬೆಂಗಳೂರ ಹುಡುಗ ಚಿರಂತ
ಸಾಲಿ ಮಾಸ್ತರನಂಗ ಹೇಳಿದ:
"ಅಕ್ಕಾ, ಇವರು ಫ್ರಾನ್ಸ್‌ನವರು, ಹುಷಾರು.
ಮೂಗಿನ ತುದೀಲೇ ಜಂಬ. ಎಲ್ಲಕ್ಕೂ ತಕರಾರು.
ಇಂಗ್ಲಿಷ್ ಬಂದ್ರೂ ಬಾಯಿ ಬಿಡಲ್ಲ, ಊಟಕ್ಕೆ ಕೂತ್ರೆ ಏಳಲ್ಲ.
ಹೊಗಳೋದಂತೂ ಗೊತ್ತೇ ಇಲ್ಲ."

ಇದಽ ಚಿರಂತ ಹ್ವಾದ ವಾರ ಫೋನಿನ್ಯಾಗ
ಯಾರಿಗೋ ಹೇಳ್ತಿದ್ದ, ನನ್ನ ಕಿವಿಗೆ ಬಿತ್ತು:
"ಈ ಕಡೆ ಜನ ಸುಮ್ನೆ ಮಾತಾಡಿದ್ರೂ
ಜಗಳ ಆಡ್ದಂಗಿರುತ್ತೆ ಮಗಾ."
ಅವತ್ತೂ ಅವನ ತಾಟಿಗೆ ಒಂದು ರೊಟ್ಟಿ ಹೆಚ್ಚಿಗಿ ಹಾಕೀನಿ.
ಜಗಳ ಅಂದ್ರ ಏನಂತ
ಅವಂಗ ಇನ್ನೂ ತೋರಿಸಿಲ್ಲ.

ಮಾತಿಲ್ಡ್ ಅಂತಾಕಿ, ಎರ್ವಾನ್ ಅಂತಾಂವ.
ಆಕಿ ರೊಟ್ಟಿ ಬಾಯಿಗಿಡಲಿಲ್ಲ ಮೊದಲ,
ಬೆರಳಿಲೆ ಬಡದು ಸಪ್ಪಳ ಕೇಳಿದಳು,
ಮೂಸಿದಳು, ಮುರದು ಅಂಚು ನೋಡಿದಳು.
ಲಗ್ನಾದ ಹೊಸದಾಗಿ ನಮ್ಮತ್ತಿ ಹಿಂಗಽ ನೋಡ್ತಿದ್ದಳು
ನಾ ಬಡದ ರೊಟ್ಟಿ.

ಎಣಗಾಯಿ ಬಂತು, ಶೇಂಗಾ ಹಿಂಡಿ, ಗಟ್ಟಿ ಮೊಸರು.
ಇಬ್ಬರಿಗೂ ಹತ್ತಿತು ನೋಡ್ರಿ!
ಕೈ ಮ್ಯಾಲ, ಹುಬ್ಬು ಮ್ಯಾಲ,
ಗಲ್ಲ ಉಬ್ಬಿಸಿ ತುಟಿಯಿಂದ ಪುಸ್ ಅಂತ ಗಾಳಿ.
ನಾ ಒಲಿ ಬಿಟ್ಟು ಎದ್ದು ಬಂದೆ:
ಏನಾತೋ ತಮ್ಮಾ, ಉಪ್ಪು ಹೆಚ್ಚಾತೇನು?
"ಊಟದ್ದಲ್ಲ ಅಕ್ಕಾ. ಅವರೂರಲ್ಲಿ
ಉಪ್ಪು ಹಾಕಿದ ಬೆಣ್ಣೆ ಮೇಲಾ, ಹಾಕದ್ದು ಮೇಲಾ ಅಂತ."

ಅಮೀನಗಡದ ಕರದಂಟೋ ಗೋಕಾಕದ್ದೋ ಅಂತ
ನನ್ನ ಗಂಡ, ಗುಳೇದಗುಡ್ಡದ ಬೀಗ
ಪಂಚಮಿಯಿಂದ ದೀಪಾವಳಿ ತನಕ ಮಾತು ಬಿಟ್ಟಿದ್ದರು.
ನನಗೇನು ಹೊಸಾದು?

ಎರ್ವಾನ್ ಅಂದ, ಚಿರಂತ ತಿರುವಿ ಹೇಳಿದ:
"ನಾನು ಬ್ರೆತಾನ್ಯದವನು. ಜಂಬ ಇರೋದು ಪ್ಯಾರಿಸ್‌ನವರಿಗೆ."
ಪ್ಯಾರಿಸ್‌ನಾಕಿ ನಕ್ಕಳು:
"ನಮ್ಮನ್ನ ನಾವೇ ಬೈಕೋತೀವಿ ದಿನಾ, ಕಾಫಿ ಜೊತೆ.
ಹೊರಗಿನವರು ಬೈದಾಗಷ್ಟೇ ದೇಶ ನೆನಪಾಗುತ್ತೆ."
ಬಾದಾಮಿಯವರು ಇಳಕಲ್ಲಿನವರಿಗೆ ಅಂತೀವಿ,
ಅವರು ಬಾಗಲಕೋಟಿಯವರಿಗೆ, ಅವರು ಎಲ್ಲಾರಿಗೂ.
ಬೆಂಗಳೂರಾಗ ಯಾರರೆ ತುಟಿ ಪಿಟ್ ಅಂದರ
ಆವಾಗ ನೋಡಬೇಕು ನಮ್ಮ ಒಗ್ಗಟ್ಟು.

ಎರಡು ತಾಸು ಆತು. ಏಳಲಿಲ್ಲ.
ಬಾಗಲಾಗ ನಿಂತವರು ನನ್ನ ಮಾರಿ ನೋಡಾಕಹತ್ತಿದರು.
ಅಷ್ಟು ಮಾತ್ರ ಚಿರಂತ ಹೇಳಿದ್ದು ಖರೇ.
ಕೇಳೇಬಿಟ್ಟೆ: ಹೆಂಗಿತ್ತವಾ ಊಟ?
ಆಕಿ ತಾಟಿನ ಕಡೆ ನೋಡಿದಳು,
ಹಿಂಡಿಯ ಒಂದು ಕಣ ಇರಲಿಲ್ಲ ಅದರಾಗ,
ತಲಿ ಒಂದೀಟು ವಾಲಿಸಿ
"ಪಾ ಮಾಲ್" ಅಂದಳು.

ಚಿರಂತನ ಮಾರಿ ಸಣ್ಣಾತು.
"ಕೆಟ್ಟದಾಗಿಲ್ಲ ಅಂತಿದಾಳೆ ಅಕ್ಕಾ.
ಬೇಜಾರ್ ಮಾಡ್ಕೋಬೇಡಿ, ಅವರ ಸ್ವಭಾವಾನೇ ಹಂಗೆ."

ಬೇಜಾರ?
ಹುಚ್ಚಖೋಡಿ,
ನಾ ಹತ್ತನೇತ್ತಾದಾಗ ಊರಿಗೇ ಮೊದಲು ಬಂದ ದಿನ
ನಮ್ಮಪ್ಪ ಪೇಪರ ಮಡಚಿ ಬಗಲಾಗಿಟ್ಟು
ಅಂದದ್ದು ಒಂದಽ ಮಾತು:
ಅಡ್ಡಿಯಿಲ್ಲ.
ಅಂದು, ಹಿತ್ತಲಕ್ಕ ಹೋಗಿ
ಬಹಳ ಹೊತ್ತು ಮಾರಿ ತೊಳಕೊಂಡ.

ಬಿಲ್ಲಿಗೆ ತಕರಾರು ತಗದಳು ಆಕಿ,
ಮೊಸರು ಎರಡು ಸಲ ಬರದೀರಿ ಅಂತ.
ಬರದಿದ್ದೆ.

ಮರುದಿನ ಮತ್ತ ಬಂದರು.
ಹಾದಿ ನೋಡಾಕಹತ್ತಿದ್ದೆ ಅಂತ ಹೇಳಲಿಲ್ಲ ನಾ.
ಬಂದ್ರೇನು? ಕೂಡ್ರಿ, ಅಂದೆ,
ಜಗಳಕ್ಕ ನಿಂತವರಂಗ.